ಹುಳಿ ಮಳೆ, ಹಳೆ ಹಿಟ್ಟು

ಅಧ್ಯಕ್ಷರೇ, ಮಾಟುಂಗದ ಬಂಧುಗಳೇ,

ಇಷ್ಟು ಮಳೆಯಲ್ಲೂ ಸಭಾಂಗಣ ತುಂಬಿದೆ. ಉಪನ್ಯಾಸಕ್ಕೋ ಉಪಾಹಾರಕ್ಕೋ ಎಂದು ನಾನು ಕೇಳುವುದಿಲ್ಲ. ಲೋಕಲ್ ತಡವಾಗಿದೆಯಂತೆ, ಡೊಂಬಿವಲಿಯವರು ಇನ್ನೂ ದಾರಿಯಲ್ಲಿದ್ದಾರೆ. ಅವರಿಗಾಗಿ ಮುಖ್ಯ ಮಾತನ್ನು ಎರಡು ಸಲ ಹೇಳುತ್ತೇನೆ. ಅವರು ಬರದಿದ್ದರೂ ಎರಡು ಸಲ ಹೇಳುವವನೇ ನಾನು.

ಕಳೆದ ವಾರ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು: ಮುಂಬಯಿಯಲ್ಲಿ ಬೀಳುವುದು ಆಮ್ಲಮಳೆ, ನೆನೆಯಬೇಡಿ, ಕೂದಲು ಉದುರುತ್ತದೆ. ಮರುದಿನ ಅದೇ ಗುಂಪಿನಲ್ಲಿ ಇನ್ನೊಂದು: ಪರೀಕ್ಷೆ ಮಾಡಿ ನೋಡಿದೆವು, ಪಿಎಚ್ (ಅಂದರೆ ಹುಳಿಯ ಅಳತೆ) ಸರಿಯಾಗಿದೆ, ನಮ್ಮ ಗಾಳಿ ಶುದ್ಧ. ಮೊದಲನೆಯದರ ಬಗ್ಗೆ ನನಗೆ ಚಿಂತೆಯಿಲ್ಲ, ಉದುರುವುದಕ್ಕೆ ನನ್ನ ತಲೆಯಲ್ಲಿ ಏನೂ ಉಳಿದಿಲ್ಲ. ಸಿಟ್ಟು ಬಂದದ್ದು ಎರಡನೆಯದಕ್ಕೆ.

ಮಳೆ ಹುಳಿಯಾಗಿರುವುದು ಅದರ ಹುಟ್ಟುಗುಣ. ಗೋಲಿಸೋಡಾ ಕುಡಿದಾಗ ನಾಲಿಗೆ ಚುರ್ ಎನ್ನುತ್ತದಲ್ಲ, ಅದು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಅಂದರೆ ಕಾರ್ಬಾನಿಕ್ ಆಮ್ಲ. ಮೋಡದ ಹನಿಯೂ ಗಾಳಿಯಿಂದ ಇದನ್ನೇ ಹೀರುತ್ತದೆ. ಮಳೆ ಎಂದರೆ ತುಂಬ ತೆಳುವಾದ ಸೋಡಾ. ಶುದ್ಧ ನೀರಿನ ಪಿಎಚ್ 7, ಹೀಗೆ ಗಾಳಿ ಕುಡಿದ ನೀರಿನದು ಸುಮಾರು 5.6. ಪಿಎಚ್ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ 7ರಿಂದ 5.6ಕ್ಕೆ ಬಂದರೆ ಇಪ್ಪತ್ತೈದು ಪಟ್ಟು. ಯಾವ ಕಾರ್ಖಾನೆಯೂ ಇಲ್ಲದ ಕಾಲದಲ್ಲೂ ಇದು ಇತ್ತು. ಸಿಡಿಲು ಹೊಡೆದಾಗ ಗಾಳಿಯ ಸಾರಜನಕ ಸುಟ್ಟು ಒಂದಿಷ್ಟು ನೈಟ್ರಿಕ್ ಆಮ್ಲ, ಜ್ವಾಲಾಮುಖಿಯಿಂದ ಒಂದಿಷ್ಟು ಗಂಧಕ ಸೇರುತ್ತಲೇ ಇದ್ದವು. ಈ ಹುಳಿಯನ್ನು ಬೈಯಬೇಡಿ. ಕರಾವಳಿಯ ನಮ್ಮೂರಿನ ಮನೆಗಳ ಕೆಂಪು ಮುರಕಲ್ಲು ಇದೆಯಲ್ಲ, ಲಕ್ಷಾಂತರ ವರ್ಷ ಈ ಮಳೆ ಬಂಡೆಯನ್ನು ತೊಳೆದು ಕರಗುವುದನ್ನೆಲ್ಲ ಒಯ್ದ ಮೇಲೆ ಉಳಿದದ್ದೇ ಅದು. ಖಂಡಾಲದ ಘಾಟಿಯ ಕರಿಕಲ್ಲು 6.6 ಕೋಟಿ ವರ್ಷ ಹಿಂದಿನ ಲಾವಾ, ಅದನ್ನೂ ಮಳೆ ಹೀಗೇ ಮೆಲ್ಲುತ್ತಿದೆ.

ಈಗ ನನ್ನ ಕಥೆ. ಇದನ್ನು ಮೊದಲೇ ಕೇಳಿದವರು ಕಾಫಿಗೆ ಹೋಗಿ ಬರಬಹುದು.

ನಾನು ಫೋರ್ಟಿನ ಒಂದು ಕನ್ನಡ ರಾತ್ರಿಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮಕ್ಕಳೆಲ್ಲ ಹೋಟೆಲಿನವರು. ಹಗಲೆಲ್ಲ ಟೇಬಲ್ಲು ಒರೆಸಿ, ಲೋಟ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುವವರು. ನನ್ನ ಮನೆ ಚೆಂಬೂರಿನಲ್ಲಿ. ಆಗ ಅದಕ್ಕೆ ಗ್ಯಾಸ್ ಚೇಂಬರ್ ಎಂದೇ ಹೆಸರು: ಎಣ್ಣೆ ಶುದ್ಧೀಕರಣ, ಗೊಬ್ಬರ, ವಿದ್ಯುತ್ತು, ಎಲ್ಲ ಚಿಮಣಿಗಳೂ ಒಂದೇ ಕಡೆ. ಜೂನಿನ ಮೊದಲ ಮಳೆಯನ್ನು ಬಾಟಲಿಯಲ್ಲಿ ಹಿಡಿದು ತರಗತಿಗೆ ಒಯ್ದೆ. ಪಿಎಚ್ ಕಾಗದ ಅದ್ದಿ ಕೆಂಪು ಮಾಡಿ ತೋರಿಸಿ, ಹುಡುಗರ ನಿದ್ದೆ ಬಿಡಿಸುವುದು ನನ್ನ ಉಪಾಯ. ಕಾಗದ ಕೆಂಪಾಗಲೇ ಇಲ್ಲ. ಆರರ ಮೇಲೆ ನಿಂತಿತು. ಮುಜುಗರ ಮುಚ್ಚಿಕೊಳ್ಳಲು, ‘ಹಾಗಾದರೆ ಚೆಂಬೂರಿನ ಗಾಳಿ ಅಷ್ಟೇನೂ ಕೆಟ್ಟಿಲ್ಲ’ ಎಂದುಬಿಟ್ಟೆ.

ಹಿಂದಿನ ಬೆಂಚಿನಿಂದ ಕುಂದಾಪುರದ ಕಡೆಯ ಹುಡುಗನೊಬ್ಬ, ಹಿಟ್ಟು ರುಬ್ಬುವ ಕೆಲಸದವನು, ಕಣ್ಣು ಅರ್ಧ ತೆರೆದು ಕೇಳಿದ: ‘ಮಾಷ್ಟ್ರೇ, ದ್ವಾಸಿ ಹಿಟ್ಟ್ ಹುಳಿ ಬಂದ್ರೆ ಭಟ್ರು ಸೋಡಾಪುಡಿ ಹಾಕ್ತ್ರ್. ಹುಳಿ ಹೋತ್ತ್. ಆರೆ ಹಿಟ್ಟ್ ಹಳ್ತೇ ಅಲ್ದಾ?’

ನಾನು ಎಂ.ಎಸ್ಸಿ. ಓದಿದವನು. ನನಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಬೇಸಗೆಯಿಡೀ ಗಾಳಿಯಲ್ಲಿ ತೇಲುವ ನಮ್ಮ ಮಣ್ಣಿನ ಧೂಳಿನಲ್ಲಿ, ಸಿಮೆಂಟಿನ ಪುಡಿಯಲ್ಲಿ ಸುಣ್ಣದ ಅಂಶವಿದೆ. ಅದು ಮಳೆಗೆ ಬಿದ್ದ ಸೋಡಾಪುಡಿ. ಗಂಧಕದ ಆಮ್ಲವನ್ನು ಜಿಪ್ಸಂ ಎಂಬ ಲವಣ ಮಾಡಿ ಕೂರಿಸುತ್ತದೆ. ಹುಳಿ ಹೋಯಿತು, ಹೊಗೆ ಹೋಯಿತೇ? ಅದಕ್ಕೇ ಹೇಳುವುದು, ಪಿಎಚ್ ಒಂದನ್ನೇ ನೋಡಿ ಗಾಳಿಗೆ ಸರ್ಟಿಫಿಕೇಟು ಕೊಡಬೇಡಿ. ಮಳೆನೀರಿನಲ್ಲಿ ಹೊಗೆಯ ಗುರುತಾಗಿ ಉಳಿಯುವ ಸಲ್ಫೇಟ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಅಳೆಯಿರಿ. ಸಮುದ್ರದ ಉಪ್ಪಿನಿಂದ ಬಂದ ಸಲ್ಫೇಟನ್ನು ಕಳೆದು ಲೆಕ್ಕ ಹಾಕಿರಿ, ನಾವಿರುವುದು ಕಡಲ ಬದಿಯಲ್ಲಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಳೆಯನ್ನು ಹೀಗೆ ಬಿಡಿಸಿ ನೋಡುವವರು.

ಓ, ಡೊಂಬಿವಲಿಯವರು ಬಂದರು. ಬನ್ನಿ, ಮುಂದೆ ಜಾಗವಿದೆ. ಕೇಳಿ: ಹುಳಿ ಹೋದರೂ ಹಿಟ್ಟು ಹಳೆಯದೇ.

ಇನ್ನು ಮಾಲಿನ್ಯ ಏನು ಮಾಡುತ್ತದೆ? ಕಲ್ಲಿದ್ದಲಿನಲ್ಲಿ, ಎಣ್ಣೆಯಲ್ಲಿ ಗಂಧಕವಿದೆ. ಸುಟ್ಟರೆ ಸಲ್ಫರ್ ಡೈಆಕ್ಸೈಡ್, ಮೋಡದೊಳಗೆ ಅದು ಸಲ್ಫ್ಯೂರಿಕ್ ಆಮ್ಲ. ಎಂಜಿನ್ನಿನ ಬಿಸಿಯಲ್ಲಿ ಗಾಳಿಯ ಸಾರಜನಕವೇ ಸುಡುತ್ತದೆ, ಸಿಡಿಲಿನ ಕೆಲಸವನ್ನು ಪ್ರತಿಯೊಂದು ಬಸ್ಸೂ ಮಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ 280 ಪಿಪಿಎಂನಿಂದ, ಅಂದರೆ ಹತ್ತು ಲಕ್ಷದಲ್ಲಿ 280 ಪಾಲಿನಿಂದ, 420 ದಾಟಿದೆ. ಅದು ಭೂಮಿಯನ್ನು ಬಿಸಿಮಾಡಿತು, ಸಮುದ್ರವನ್ನು ಹುಳಿ ಮಾಡುತ್ತಿದೆ, ಆದರೆ ಮಳೆಯ ಪಿಎಚ್‌ನಲ್ಲಿ ತಂದ ಬದಲಾವಣೆ 0.1ರಷ್ಟೂ ಇಲ್ಲ. ಈ ಕೇಸಿನಲ್ಲಿ ಆರೋಪಿಗಳು ಗಂಧಕ ಮತ್ತು ಸಾರಜನಕ.

ಇದನ್ನು ಮೊದಲು ಹಿಡಿದವನು ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್, 1852ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಮಳೆಯಲ್ಲಿ. ಆಮ್ಲ ಹುಡುಕಿದ ಈತನಿಗೆ ಸರ್ಕಾರ ಆಮೇಲೆ ಕೊಟ್ಟ ಹುದ್ದೆ ಕ್ಷಾರ ನಿರೀಕ್ಷಕನದು! ಕ್ಷಾರ ತಯಾರಿಸುವ ಕಾರ್ಖಾನೆಗಳೇ ಆಗ ಆಮ್ಲ ಉಗುಳುತ್ತಿದ್ದವು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಕಲ್ಲಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ಹಳೆಯ ಕಟ್ಟಡಗಳಲ್ಲಿ ಪೋರಬಂದರಿನ ಸುಣ್ಣಕಲ್ಲಿನ ಕೆತ್ತನೆಗಳಿವೆ. ಆಮ್ಲಕ್ಕೆ ಧೂಳು ಸಿಗದಿದ್ದರೆ ಅದು ಆ ಕಲ್ಲನ್ನು ಹಿಡಿಯುತ್ತದೆ. ರಸ್ತೆಯ ಧೂಳು ಗುಡಿಸಿ ಹೊಗೆಯನ್ನು ಹಾಗೇ ಬಿಟ್ಟರೆ ಮಳೆ ಇನ್ನಷ್ಟು ಹುಳಿಯಾದೀತು. ಅದಕ್ಕೆಂದು ಧೂಳು ಗುಡಿಸಬೇಡಿ ಎಂದು ನಾನು ಹೇಳಿದೆ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ, ದಯವಿಟ್ಟು.

ಒಳ್ಳೆಯದೂ ಆಗಿದೆ. 2020ರ ಏಪ್ರಿಲಿನಿಂದ ನಮ್ಮ ಡೀಸೆಲಿನಲ್ಲಿ ಗಂಧಕದ ಮಿತಿ 10 ಪಿಪಿಎಂ. ಅದೇ ವರ್ಷದಿಂದ ಹಡಗಿನ ಎಣ್ಣೆಗೂ ಮಿತಿ ಬಿಗಿಯಾಯಿತು. ಬಿಗಿಯಾದ ಮೇಲೂ ಅದು 5,000 ಪಿಪಿಎಂ, ನಮ್ಮದು ಬಂದರು ಊರು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೆ 2015ರಲ್ಲೇ ಮಿತಿ ಹಾಕಿದರು, ಗಡುವು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಸ್ವೀಡನ್ನಿನ ಸರೋವರಗಳು, ತಾಜಮಹಲು, ಇವೆಲ್ಲ ಬರೆದುಕೊಂಡು ಬಂದಿದ್ದೆ. ಎರಡನೆಯ ಚೀಟಿಯೂ ಬಂತು.

ಇವತ್ತಿನ ಮಸಾಲೆದೋಸೆ ಆ ಹುಡುಗನ ಹೋಟೆಲಿನಿಂದಲೇ ಬಂದಿದೆ, ಈಗ ಅವನದು ಎರಡು ಶಾಖೆ. ಸೋಡಾ ಹಾಕಿಲ್ಲ ಎಂದು ಫೋನಿನಲ್ಲಿ ಆಣೆ ಮಾಡಿದ್ದಾನೆ. ಬನ್ನಿ, ಆರುವ ಮೊದಲು ತಿನ್ನೋಣ.