ಕಣ್ಣು ಮುಂದಿದ್ದರೆ ಬೆರಳಿಗೆ ಸಮಯವಿದೆ

ಕೇಳುಗರಿಗೆ ನಮಸ್ಕಾರ. ಇಂಟರ್‌ನೆಟ್ ಸಂಪರ್ಕ ಕಡಿದಾಗ ಕ್ರೋಮ್ ಬ್ರೌಸರಿನಲ್ಲಿ ಮೂಡುವ ಪುಟ್ಟ ಡೈನೋಸಾರನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಸ್ಪೇಸ್ ಕೀ ಒತ್ತಿದರೆ ಅದು ಓಡತೊಡಗುತ್ತದೆ. ಎದುರಾಗುವ ಕಳ್ಳಿಗಿಡಗಳನ್ನು ದಾಟಿಸುವ ಹೊಣೆ ನಮ್ಮದು. 2014ರಲ್ಲಿ ಬಂದ ಆಟ ಇದು. ಸಂಪರ್ಕ ಇರುವಾಗಲೂ ಆಡಬಹುದು: ವಿಳಾಸ ಬರೆಯುವ ಜಾಗದಲ್ಲಿ ಕ್ರೋಮ್, ಒಂದರ ಮೇಲೊಂದು ಎರಡು ಚುಕ್ಕಿ, ಎರಡು ಓರೆಗೆರೆ, ಡೈನೋ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು.

ನಾನು ಶಿಡ್ಲಘಟ್ಟದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಆಟ ಬೇಗ ಮುಗಿದುಹೋದ ಮಕ್ಕಳು ಕೇಳುವುದು ಒಂದೇ: "ಮಿಸ್, ನನ್ನ ಕೈ ನಿಧಾನವೇ?" ಅಲ್ಲ, ಮಗು. ಅದನ್ನು ಲೆಕ್ಕ ಸಮೇತ ಹೇಳುತ್ತೇನೆ, ಕೇಳಿ.

ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಸ್ಪಂದಿಸಲು ನಮಗೆಲ್ಲ ಸುಮಾರು ಕಾಲು ಸೆಕೆಂಡು ಬೇಕು. ಕಂಪ್ಯೂಟರಿನಲ್ಲಿ ಆಟ ಶುರುವಾದಾಗ, ಪರದೆಯ ಬಲ ಅಂಚಿನಲ್ಲಿ ಹುಟ್ಟಿದ ಕಳ್ಳಿ ಡೈನೋಸಾರನ್ನು ತಲುಪಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ವೇಗ ಏರುತ್ತಾ ಹೋಗುತ್ತದೆ, ನಿಜ. ಆದರೆ ಎರಡು ನಿಮಿಷದ ಹೊತ್ತಿಗೆ ಆ ಏರಿಕೆ ನಿಂತುಬಿಡುತ್ತದೆ. ಆ ಗರಿಷ್ಠ ವೇಗದಲ್ಲಿಯೂ ಕಳ್ಳಿಗೆ ಬೇಕಾಗುವುದು ಮುಕ್ಕಾಲು ಸೆಕೆಂಡಿನಷ್ಟು. ಕಾಲು ಸೆಕೆಂಡು ಕಳೆದರೂ ಇನ್ನೂ ಎಷ್ಟು ಉಳಿಯಿತು ನೋಡಿ! ಆ ಸಮಯವನ್ನು ಕಳೆಯುತ್ತಿರುವುದು ಕೈಯಲ್ಲ, ಕಣ್ಣು. ಬಹುತೇಕರು ಡೈನೋಸಾರನ್ನೇ ನೋಡುತ್ತಾ ಆಡುತ್ತಾರೆ. ಅದು ಓಡುವಂತೆ ಕಂಡರೂ ಪರದೆಯಲ್ಲಿ ನಿಂತಲ್ಲೇ ಇರುತ್ತದೆ, ಸರಿಯುವುದು ನೆಲ ಮತ್ತು ಕಳ್ಳಿ. ಅದನ್ನು ನೋಡಿ ತಿಳಿಯುವುದೇನೂ ಇಲ್ಲ. ನೋಟ ಬಲಕ್ಕೆ, ಕಳ್ಳಿ ಹುಟ್ಟುವ ಕಡೆಗೆ ಇರಲಿ.

ನಮ್ಮೂರಿನಲ್ಲಿ ರೇಷ್ಮೆಗೂಡಿನಿಂದ ಎಳೆ ತೆಗೆಯುವ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬಿಸಿನೀರಿನ ಬೋಗುಣಿಯ ಮುಂದೆ ಕೂರುವ ಹೆಂಗಸರನ್ನು ನೋಡಿ. ಗೂಡಿನ ಎಳೆ ಒಳಗೊಳಗೆ ಹೋದಂತೆ ತೆಳುವಾಗುತ್ತದೆ. ಅನುಭವಿಗಳು ಅದು ಕಡಿಯುವವರೆಗೆ ಕಾಯುವುದಿಲ್ಲ. ಯಾವ ಗೂಡು ಮುಗಿಯುತ್ತಿದೆ ಎಂದು ಮೊದಲೇ ಗುರುತಿಸಿ ಹೊಸ ಎಳೆಯನ್ನು ಸಿದ್ಧವಾಗಿಟ್ಟುಕೊಂಡಿರುತ್ತಾರೆ. ನೋಡುವವರು ಕೈಚಳಕ ಎನ್ನುತ್ತಾರೆ. ನನಗೆ ಅದರಲ್ಲಿ ಕಾಣುವುದು ಮುನ್ನೋಟ, ಮತ್ತು ಅದರ ಮೇಲೆ ನನಗೆ ಅಪಾರ ಗೌರವ.

ಆಟ ಕಠಿಣವಾಗುವುದು ರೆಕ್ಕೆಯ ಪ್ರಾಣಿ ಬಂದ ಮೇಲೆ. ಮಕ್ಕಳು ಅದನ್ನು ಹಕ್ಕಿ ಎನ್ನುತ್ತಾರೆ. ಕಳ್ಳಿ ಬಂದರೆ ಯಾವಾಗ ಹಾರಬೇಕು ಎಂಬುದಷ್ಟೇ ಪ್ರಶ್ನೆ. ಹಕ್ಕಿ ಬಂದರೆ ಹಾರಬೇಕೇ, ಬಗ್ಗಬೇಕೇ ಎಂಬ ಆಯ್ಕೆಯೂ ಸೇರುತ್ತದೆ. ಆಯ್ಕೆ ಸೇರಿದರೆ ಸ್ಪಂದನೆ ತಡವಾಗುತ್ತದೆ ಎಂಬುದನ್ನು ನೆದರ್‌ಲ್ಯಾಂಡ್ಸಿನ ವಿಜ್ಞಾನಿ ಡೊಂಡರ್ಸ್ 1868ರಲ್ಲಿಯೇ ಅಳೆದು ತೋರಿಸಿದ್ದರು. ಹಾಗಾಗಿ ಆಯ್ಕೆಯನ್ನು ಆಟಕ್ಕೆ ಮುಂಚೆಯೇ ಮುಗಿಸಿಬಿಡಿ. ಹಕ್ಕಿ ಬರುವುದು ಮೂರು ಎತ್ತರಗಳಲ್ಲಿ. ನೆಲಮಟ್ಟದ್ದನ್ನು ಹಾರಿ ದಾಟಿ, ನಡುವಿನದಕ್ಕೆ ಕೆಳಬಾಣದ ಕೀ ಒತ್ತಿ ಬಗ್ಗಿ, ಮೇಲಿನದನ್ನು ಅದರ ಪಾಡಿಗೆ ಬಿಡಿ, ಅದು ತಲೆಯ ಮೇಲೆ ಹಾದುಹೋಗುತ್ತದೆ. ಹಕ್ಕಿ ನೆಲಕ್ಕಿಂತ ಕೊಂಚ ವೇಗವಾಗಿಯೋ ನಿಧಾನವಾಗಿಯೋ ಬರುತ್ತದೆ ಎಂಬುದೂ ನೆನಪಿರಲಿ.

ಕೆಳಬಾಣಕ್ಕೆ ಇನ್ನೊಂದು ಉಪಯೋಗವಿದೆ. ಗಾಳಿಯಲ್ಲಿರುವಾಗ ಒತ್ತಿದರೆ ಡೈನೋಸಾರ್ ಬೇಗ ನೆಲಕ್ಕಿಳಿಯುತ್ತದೆ, ಬೆನ್ನಿಗೇ ಬರುವ ಕಳ್ಳಿಗೆ ಸಿದ್ಧವಾಗುತ್ತದೆ. ಸ್ಪೇಸ್ ಕೀಯನ್ನು ಮೆಲ್ಲಗೆ ತಟ್ಟಿ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ. 700 ಅಂಕಕ್ಕೆ ಪರದೆ ಕಪ್ಪಾದಾಗ ಗಾಬರಿ ಬೇಡ, ಬದಲಾಗುವುದು ಬಣ್ಣ ಮಾತ್ರ.

ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗು ಆಡಿದರೆ ಗದರಬೇಡಿ, ಆದರೆ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ. ಪರದೆಯನ್ನೇ ದಿಟ್ಟಿಸುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ನಿದ್ದೆಗೆಟ್ಟ ದಿನ ಸ್ಪಂದನೆಯೂ ನಿಧಾನ. ರಾತ್ರಿಯ ನಿದ್ದೆಯನ್ನು ಬಲಿಕೊಟ್ಟು ಅಭ್ಯಾಸ ಮಾಡಿ ಪ್ರಯೋಜನವಿಲ್ಲ. ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವವರಿಗೂ ಒಂದು ಮಾತು: ಸ್ಪೇಸ್ ಕೀ ಸಿಕ್ಕಿಕೊಳ್ಳುವ ಕೀಬೋರ್ಡನ್ನು ದಯವಿಟ್ಟು ಬದಲಿಸಿ.

ಇಂದು ಆಡುವವರು ಮೊದಲ ಒಂದೆರಡು ಆಟಗಳಲ್ಲಿ ಅಂಕದ ಯೋಚನೆ ಬಿಟ್ಟು ಬಲ ಅಂಚನ್ನಷ್ಟೇ ನೋಡಿ. ನಮಸ್ಕಾರ.