ನಾಯಿ ನೆಲಕ್ಕೆ ಉಜ್ಜಿಕೊಂಡರೆ

ಕೇಳುಗರಿಗೆ ನಮಸ್ಕಾರ.

ನಮ್ಮ ಚಿಕ್ಕಬಳ್ಳಾಪುರದ ಕಡೆ ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋಗುವುದನ್ನು ಕಂಡರೆ ಜನ ಹೇಳುವುದು ಒಂದೇ ಮಾತು: "ಜಂತುಹುಳ ಆಗೈತೆ, ಒಂದು ಮಾತ್ರೆ ಹಾಕಿದ್ರೆ ಹೋಗ್ತದೆ." ಮಾತ್ರೆ ತಂದು ಮುದ್ದೆಯಲ್ಲಿಟ್ಟು ನುಂಗಿಸುತ್ತಾರೆ. ವಾರ ಕಳೆದರೂ ಉಜ್ಜುವುದು ನಿಲ್ಲುವುದಿಲ್ಲ, ಮತ್ತೊಂದು ಮಾತ್ರೆ ಬರುತ್ತದೆ. ಅಷ್ಟರಲ್ಲಿ ಬಾಲದ ಕೆಳಗೆ ಬಾವು ಎದ್ದಿರುತ್ತದೆ. ಹೇಳಿಕೊಳ್ಳಲು ಸಂಕೋಚದ ಜಾಗ ಅದು. ಆ ಸಂಕೋಚದಿಂದಲೇ ಯಾರೂ ಬಾಲ ಎತ್ತಿ ನೋಡುವುದಿಲ್ಲ.

ನಾಯಿಯ ಗುದದ್ವಾರದ ಎರಡೂ ಬದಿಗೆ, ಗಡಿಯಾರದಲ್ಲಿ 4 ಮತ್ತು 8 ಇರುವ ಕಡೆ, ಚರ್ಮದೊಳಗೆ ಎರಡು ಪುಟ್ಟ ಚೀಲಗಳಿವೆ. ಗುದಗ್ರಂಥಿ ಅನ್ನುವುದು ಇವನ್ನೇ. ನಾಯಿ ಉಜ್ಜಿಕೊಳ್ಳುವುದಕ್ಕೆ ಎಷ್ಟೋ ಸಲ ಹುಳುವಲ್ಲ, ಇವುಗಳ ತೊಂದರೆಯೇ ಕಾರಣ. ಇವುಗಳಲ್ಲಿ ಕಟುವಾಸನೆಯ ದ್ರವ ತುಂಬಿಕೊಳ್ಳುತ್ತದೆ. ನಾಯಿಗಳು ಒಂದನ್ನೊಂದು ಗುರುತಿಸುವುದರಲ್ಲಿ ಈ ವಾಸನೆಗೂ ಪಾಲಿದೆ. ಮಲ ಗಟ್ಟಿಯಾಗಿದ್ದರೆ ಅದು ಹೊರಬರುವಾಗ ಚೀಲ ಒತ್ತಿ ಖಾಲಿಯಾಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಮಲ ತೆಳ್ಳಗಾಗುತ್ತಿದ್ದರೆ ಆ ಒತ್ತಡ ಸಿಗದು. ದ್ರವ ಉಳಿದು ಗಟ್ಟಿಯಾಗುತ್ತದೆ, ಅದು ಹೊರಬರುವ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತದೆ, ಆಮೇಲೆ ಸೋಂಕು, ಕೀವು. ಕೊನೆಗೆ ಚರ್ಮ ಒಡೆದು ಗುದದ ಪಕ್ಕದಲ್ಲೇ ತೂತು ಬೀಳುತ್ತದೆ. ಆ ಹೊತ್ತಿಗೆ ಪ್ರಾಣಿ ಪಡುವ ನೋವು ನೋಡಲಾಗುವುದಿಲ್ಲ.

ಹುಳುವೋ ಗ್ರಂಥಿಯೋ ಅಂತ ಮನೆಯಲ್ಲೇ ಸ್ವಲ್ಪ ಅಂದಾಜು ಮಾಡಬಹುದು. ಬಾಲದ ಬುಡದ ಕೂದಲಿಗೆ ಅಕ್ಕಿಕಾಳಿನಂಥ ಬಿಳಿ ಚೂರು ಅಂಟಿದ್ದರೆ ಅದು ಲಾಡಿಹುಳು. ಅದು ಹರಡುವುದು ಚಿಗಟದಿಂದ, ಹಾಗಾಗಿ ಮಾತ್ರೆಯ ಜೊತೆಗೆ ಚಿಗಟಕ್ಕೂ ಔಷಧ ಬೇಕು. ಕೊಳೆತ ಮೀನಿನಂಥ ವಾಸನೆ, ಬಾಲದ ಕೆಳಗೆ ಬಿಡದೆ ನೆಕ್ಕುವುದು, ಕೂರಲು ಹಿಂಜರಿಯುವುದು, ಮಲ ಹಾಕುವಾಗ ಕೂಗುವುದು ಕಂಡರೆ ಗ್ರಂಥಿಯ ಕಡೆ ಗಮನ ಕೊಡಿ. ಇದರ ಜೊತೆ ಕಿವಿ ಕೆರೆತ, ಪಾದ ಕಡಿತವೂ ಇದ್ದರೆ ಮೂಲದಲ್ಲಿ ಅಲರ್ಜಿ ಇರಬಹುದು. ಆಗ ಚೀಲ ಎಷ್ಟು ಸಲ ಖಾಲಿ ಮಾಡಿಸಿದರೂ ತೊಂದರೆ ಮರುಕಳಿಸುತ್ತದೆ.

ಮೊಬೈಲಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಹಿಂಡಲು ಹೋಗಬೇಡಿ. ಊದಿದ ಚೀಲವನ್ನು ಹೊರಗಿನಿಂದ ಅದುಮಿದರೆ ಒಳಗೇ ಒಡೆಯಬಹುದು. ಪಶುವೈದ್ಯರು ಕೈಗವಸು ಹಾಕಿ, ಬೆರಳನ್ನು ಒಳಗಿಟ್ಟು ಮೆಲ್ಲಗೆ ಖಾಲಿ ಮಾಡುತ್ತಾರೆ. ಕೀವಿದ್ದರೆ ತೊಳೆದು ಔಷಧ ಕೊಡುತ್ತಾರೆ. ತೊಂದರೆಯೇ ಇಲ್ಲದ ನಾಯಿಗೆ ಸ್ನಾನ ಮಾಡಿಸಿದಾಗಲೆಲ್ಲ ಹಿಂಡಿಸುವುದೂ ಬೇಡ. ಗಾಯಕ್ಕೆ ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ, ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ನಮ್ಮ ನೋವಿನ ಮಾತ್ರೆಗಳನ್ನೂ ಕೊಡಬೇಡಿ, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ.

ಪದೇಪದೇ ಬರುತ್ತಿದ್ದರೆ ಊಟದ ತಟ್ಟೆ ನೋಡಿ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನಾವೋ ಪ್ರೀತಿಯಿಂದ ದಿನಾ ಹಾಲನ್ನ ಹಾಕುತ್ತೇವೆ. ಸ್ವಲ್ಪ ದಿನ ನಿಲ್ಲಿಸಿ ನೋಡಿ. ಉಪ್ಪು ಖಾರ ಹಾಕದೆ ಬೇಯಿಸಿದ ಸಿಹಿಕುಂಬಳ ಒಂದೆರಡು ಚಮಚ ಬೆರೆಸಿದರೆ ನಾರಿನಂಶದಿಂದ ಮಲ ಗಟ್ಟಿಯಾಗಲು ಸಹಾಯವಾಗುತ್ತದೆ. ಈರುಳ್ಳಿ ಹಾಕಿದ ಸಾರು ಮಾತ್ರ ಬೇಡ. ನಮ್ಮ ಜಿಲ್ಲೆಯಲ್ಲಿ ತೋಟದ ತುಂಬ ಇರುವ ದ್ರಾಕ್ಷಿಯೂ ಬೇಡ, ಅದು ನಾಯಿಗೆ ವಿಷ. ಮೈ ಬಂದ ನಾಯಿಯ ತೂಕವನ್ನೂ ಇಳಿಸಬೇಕು.

ಇಷ್ಟಾದರೂ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಚೀಲಗಳನ್ನೇ ತೆಗೆಯುತ್ತಾರೆ. ಪಕ್ಕದಲ್ಲೇ ಮಲ ಹಿಡಿದಿಡುವ ಸ್ನಾಯು, ನರಗಳಿರುವುದರಿಂದ ಅನುಭವಸ್ಥರ ಕೈಯಲ್ಲೇ ಆಗಬೇಕು. ವಯಸ್ಸಾದ ನಾಯಿಗೆ ಒಂದೇ ಕಡೆ ಗಟ್ಟಿ ಗಂಟು ಸಿಕ್ಕರೆ, ನೋವಿಲ್ಲದಿದ್ದರೂ ಬೇಗ ತೋರಿಸಿ. ಕೆಲವು ಸಲ ಅದು ಕ್ಯಾನ್ಸರ್ ಆಗಿರುತ್ತದೆ.

ಪಶು ಆಸ್ಪತ್ರೆಗೆ ಹೋಗುವಾಗ ನಾಯಿಯ ಬಾಯಿಗೆ ಮೆತ್ತನೆ ಬಟ್ಟೆ ಕಟ್ಟಿಕೊಳ್ಳಿ, ಆದರೆ ಏದುಸಿರು ಬಿಡುತ್ತಿದ್ದರೆ ಕಟ್ಟಬೇಡಿ. ನೋವಿದ್ದಾಗ ಸಾಧು ನಾಯಿಯೂ ಕಚ್ಚುತ್ತದೆ. ಏನು ತಿನ್ನಿಸುತ್ತೀರಿ, ಮಲ ಹೇಗಿದೆ, ಎಂದಿನಿಂದ ಉಜ್ಜುತ್ತಿದೆ, ಈ ಮೂರನ್ನು ವೈದ್ಯರು ಕೇಳುವ ಮೊದಲೇ ಹೇಳಿ. ನಮಸ್ಕಾರ.