ಬಂಪರ್ ನೆಗ್ಗಿದ ಮಾತ್ರಕ್ಕೆ ಹೊಸದು ಹಾಕಿಸಬೇಕಾ?

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡುವ ವಿಷಯ ಸಣ್ಣದು, ಆದರೆ ನನಗೆ ನಿಜಕ್ಕೂ ಬೇಜಾರು ತರಿಸುವಂಥದ್ದು. ಕಾರು ನಿಲ್ಲಿಸಿ ಅಂಗಡಿಗೆ ಹೋಗಿರುತ್ತೀರಿ, ವಾಪಸ್ ಬರುವಷ್ಟರಲ್ಲಿ ಯಾರೋ ರಿವರ್ಸ್ ತೆಗೆಯುವಾಗ ಗುದ್ದಿ ಹೋಗಿರುತ್ತಾರೆ. ಬಂಪರ್ ಒಳಕ್ಕೆ ನೆಗ್ಗಿರುತ್ತದೆ. ಸರ್ವಿಸ್ ಸೆಂಟರಿನಲ್ಲಿ ತೋರಿಸಿದರೆ ಕೈಯಲ್ಲಿ ಮುಟ್ಟಿ ಕೂಡ ನೋಡುವುದಿಲ್ಲ. "ಹೊಸದೇ ಹಾಕಬೇಕು ಸರ್, ಇನ್ಶೂರೆನ್ಸ್ ಇದೆ ಅಲ್ವಾ, ಕ್ಲೇಮ್ ಮಾಡಿಬಿಡಿ" ಅಂತಾರೆ. ನಾವೂ ಸರಿ ಅಂತ ತಲೆಯಾಡಿಸುತ್ತೇವೆ. ಹಾಗೆ ತಲೆಯಾಡಿಸಬೇಡಿ ಅಂತ ಹೇಳುವುದಕ್ಕೇ ಈ ವಿಡಿಯೋ ಮಾಡುತ್ತಿದ್ದೇನೆ.

ಮೊದಲು ಬಂಪರ್ ಯಾವುದರಿಂದ ಮಾಡಿದ್ದು ಅಂತ ನೋಡೋಣ. ಈಗಿನ ಹೆಚ್ಚಿನ ಕಾರುಗಳ ಬಂಪರ್ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಅದಕ್ಕೆ ಸ್ವಲ್ಪ ರಬ್ಬರ್ ಬೆರೆಸಿರುತ್ತಾರೆ. ಬಂಪರಿನ ಒಳಮೈ ಮೇಲೆ ಟಾರ್ಚ್ ಬಿಟ್ಟು ನೋಡಿ, ಪಿಪಿ, ಇಪಿಡಿಎಂ ಅಂತ ಅಚ್ಚು ಒತ್ತಿರುತ್ತದೆ; ಪಿಪಿ ಅಂದರೆ ಆ ಪ್ಲಾಸ್ಟಿಕ್, ಇಪಿಡಿಎಂ ಅಂದರೆ ಆ ರಬ್ಬರ್. ಈ ಪ್ಲಾಸ್ಟಿಕ್ ಬಿಸಿಯಾದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಅದು ಕರಗುವುದು ಸುಮಾರು 160 ಡಿಗ್ರಿಯಲ್ಲಿ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಬಿಸಿನೀರಿನಿಂದ ಬಂಪರ್ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ, ಕಂಪನಿ ಪೇಂಟ್ ಕೂಡ ಸುಡುವುದಿಲ್ಲ.

ಈಗ ಕೆಲಸ. ಮೊದಲು ಮಣ್ಣು ಧೂಳು ತೊಳೆಯಿರಿ, ಇಲ್ಲವಾದರೆ ಉಜ್ಜುವಾಗ ಗೀರು ಬೀಳುತ್ತದೆ. ಒಳಗೆ ಕೈ ಹೋಗುತ್ತದಾ ನೋಡಿ. ಕೆಲವು ಕಾರಲ್ಲಿ ಕೆಳಗಿನಿಂದಲೇ ಕೈ ಸಿಗುತ್ತದೆ, ಮೂಲೆಯಲ್ಲಿ ನೆಗ್ಗಿದ್ದರೆ ಚಕ್ರದ ಹತ್ತಿರದ ಪ್ಲಾಸ್ಟಿಕ್ ಲೈನಿಂಗಿನ ಸ್ಕ್ರೂ, ಕ್ಲಿಪ್ ಬಿಚ್ಚಬೇಕಾಗುತ್ತದೆ. ಆಮೇಲೆ ನೆಗ್ಗಿದ ಜಾಗಕ್ಕೆ ಒಂದು ಹಳೇ ಟವೆಲ್ ಒತ್ತಿ ಹಿಡಿದು ಅದರ ಮೇಲೆ ಕುದಿಯುವ ನೀರು ನಿಧಾನವಾಗಿ ಹಾಕಿ. ಬರೀ ಬಂಪರ್ ಮೇಲೆ ಸುರಿದರೆ ನೀರು ಜಾರಿ ನೆಲಕ್ಕೆ ಹೋಗುತ್ತದೆ, ಟವೆಲ್ ಇದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ. ದಪ್ಪ ಗ್ಲೌಸ್ ಬೇಕೇ ಬೇಕು, ಮಕ್ಕಳನ್ನು ದೂರ ಇಡಿ. ಪ್ಲಾಸ್ಟಿಕ್ ಕೈಗೆ ಬಗ್ಗುತ್ತಿದೆ ಅನಿಸಿದಾಗ ಒಳಗಿನಿಂದ ಅಂಗೈ ಅಗಲವಾಗಿ ಇಟ್ಟು, ನೆಗ್ಗಿನ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬನ್ನಿ. ಸ್ಕ್ರೂಡ್ರೈವರ್ ತುದಿಯಿಂದ ತಳ್ಳಿದರೆ ಹೊರಗೆ ಮೊಡವೆ ಥರ ಉಬ್ಬು ಬರುತ್ತದೆ, ಅದನ್ನು ಆಮೇಲೆ ಸರಿ ಮಾಡುವುದು ಇನ್ನೂ ಕಷ್ಟ. ಹಲವು ಸಲ ಟಪ್ ಅಂತ ಒಂದೇ ಏಟಿಗೆ ಆಚೆ ಬರುತ್ತದೆ. ಬಂದ ತಕ್ಷಣ ಕೈ ತೆಗೆಯಬೇಡಿ. ಹಾಗೇ ಹಿಡಿದುಕೊಂಡು ತಣ್ಣೀರು ಹಾಕಿ, ಆಗ ಆಕಾರ ಗಟ್ಟಿಯಾಗಿ ಕೂರುತ್ತದೆ. ಒಂದೇ ಸಲಕ್ಕೆ ಬರದಿದ್ದರೆ ಮತ್ತೆ ಬಿಸಿ ಮಾಡಿ, ಬಲ ಹಾಕಬೇಡಿ.

ಹೀಟ್ ಗನ್ ಬಗ್ಗೆ ನನಗೆ ಭಯ ಇದೆ. ಅದರ ಗಾಳಿ 500 ಡಿಗ್ರಿವರೆಗೂ ಹೋಗುತ್ತದೆ, ಕ್ಷಣ ಮೈಮರೆತರೆ ಪೇಂಟ್ ಗುಳ್ಳೆ ಏಳುತ್ತದೆ. ಅಭ್ಯಾಸ ಇಲ್ಲದವರಿಗೆ ಬಿಸಿನೀರೇ ಸಾಕು. ಬಿಸಿ ಮಾಡದೆ ಸುಮ್ನೆ ತಳ್ಳುವುದಂತೂ ಬೇಡವೇ ಬೇಡ, ಪೇಂಟ್ ಬಿರುಕು ಬಿಡುತ್ತದೆ.

ಎಲ್ಲಾ ನೆಗ್ಗೂ ಹೀಗೆ ಹೋಗುವುದಿಲ್ಲ. ಚೂಪಾಗಿ ಮಡಿಕೆ ಬಿದ್ದಿದ್ದರೆ ಗೆರೆ ಉಳಿಯುತ್ತದೆ. ಹರಿದಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಿ. ಅಲ್ಲಿ ಒಂದು ಮಾತು ಕೇಳಲೇಬೇಕು: ಯಾವ ಪುಟ್ಟಿ ಹಾಕುತ್ತೀರಿ? ತಗಡಿಗೆ ಹಾಕುವ ಮಾಮೂಲಿ ಪುಟ್ಟಿ ಬಂಪರ್ ಜೊತೆ ಬಾಗುವುದಿಲ್ಲ, ಮುಂದಿನ ಸಣ್ಣ ಏಟಿಗೇ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಪ್ರೈಮರ್ ಹೊಡೆಯದೆ ಪೇಂಟ್ ಮಾಡಿದರೂ ಹಾಗೇ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಇನ್ನೊಂದು, ಇದು ಸುರಕ್ಷತೆಯ ವಿಷಯ. ನಮಗೆ ಕಾಣುವ ಬಂಪರ್ ಬರೀ ಹೊದಿಕೆ. ನಿಜವಾದ ಏಟು ತಡೆಯುವುದು ಅದರ ಹಿಂದಿರುವ ಬೀಮ್, ಕೆಲವು ಕಾರಲ್ಲಿ ಜೊತೆಗೆ ಫೋಮ್. ಹೊದಿಕೆ ಆಚೆ ಬಂದು ಚೆನ್ನಾಗಿ ಕಂಡರೂ ಒಳಗೆ ಬೀಮ್ ಬಾಗಿರಬಹುದು. ಏಟು ಜೋರಾಗಿತ್ತು ಅನಿಸಿದರೆ ಬಿಚ್ಚಿಸಿ ನೋಡಿಸಿ. ಬಂಪರ್ ಹಿಂದೆ ಸುತ್ತಲಿನ ವಾಹನ ಗುರುತಿಸುವ ರೇಡಾರ್ ಇರುವ ಕಾರಾದರೆ ಆ ಜಾಗದಲ್ಲಿ ಮನೆಯಲ್ಲಿ ಪ್ರಯೋಗ ಬೇಡ.

ಕ್ಲೇಮ್ ವಿಷಯಕ್ಕೆ ಬರೋಣ, ನನ್ನ ಸಿಟ್ಟು ಜಾಸ್ತಿ ಇರುವುದು ಇಲ್ಲೇ. ಐದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಮ್ಮ ಕಾರಿಗೇ ಆಗುವ ಹಾನಿಗೆ ಕಟ್ಟುವ ಕಂತಿನ ಮೇಲೆ 50% ನೋ ಕ್ಲೇಮ್ ಬೋನಸ್ ಅಂತ ರಿಯಾಯಿತಿ ಸಿಗುತ್ತದೆ. ಆ ಪ್ರೀಮಿಯಂ 10,000 ರೂಪಾಯಿ ಅಂತಿಟ್ಟುಕೊಳ್ಳಿ, ನೀವು ಕಟ್ಟುವುದು 5,000. ಒಂದು ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆ. ಮತ್ತೆ 20, 25, 35, 45 ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. ಪ್ರೀಮಿಯಂ ಅಷ್ಟೇ ಇದ್ದರೂ ಆ ಐದು ವರ್ಷದಲ್ಲಿ ಒಟ್ಟು 12,500 ರೂಪಾಯಿ ಹೆಚ್ಚಿಗೆ ಕಟ್ಟಿರುತ್ತೀರಿ! ಝೀರೋ ಡೆಪ್, ಅಂದರೆ ಹಳೇದಾಗಿದೆ ಅಂತ ಭಾಗದ ಬೆಲೆಯಲ್ಲಿ ಕಡಿತ ಮಾಡದ ಹೆಚ್ಚುವರಿ ಕವರ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಹೇಗೂ ನಿಮ್ಮ ಜೇಬಿನಿಂದಲೇ, ಅದರ ಮೇಲೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ಕಟ್ಟುವ 1,000 ಅಥವಾ 2,000 ರೂಪಾಯಿ ಬೇರೆ. ಈ ಲೆಕ್ಕ ನಿಮ್ಮ ಮುಂದಿಟ್ಟು ಆಮೇಲೆ "ಕ್ಲೇಮ್ ಮಾಡ್ತೀರಾ" ಅಂತ ಕೇಳಬೇಕಲ್ವಾ?

ಬಂಪರ್ ಚೂರಾಗಿದ್ದರೆ, ಲಾಕ್‌ಗಳು ಮುರಿದಿದ್ದರೆ, ಲೈಟ್ ಕೂಡ ಒಡೆದು ಬಿಲ್ ದೊಡ್ಡದಾಗಿದ್ದರೆ ಧಾರಾಳವಾಗಿ ಹೊಸದು ಹಾಕಿಸಿ, ಕ್ಲೇಮ್ ಮಾಡಿ, ಇನ್ಶೂರೆನ್ಸ್ ಇರುವುದೇ ಅದಕ್ಕೆ. ಬರೀ ನೆಗ್ಗಿದ್ದರೆ ಮಾತ್ರ, ಎಸ್ಟಿಮೇಟಿಗೆ ಸಹಿ ಹಾಕುವ ಮೊದಲು "ಬಿಸಿ ಮಾಡಿ ಎತ್ತಿ ನೋಡಿದ್ರಾ?" ಅಂತ ಕೇಳಿ. ನೋಡಿಲ್ಲ ಅಂದರೆ ಕಾರು ಮನೆಗೆ ತನ್ನಿ.